ಮೂರನೆಯ ಮೌತ್‌ಪೀಸ್

ವಿದ್ಯಾನಗರ, ಹುಬ್ಬಳ್ಳಿ
24 ಜೂನ್ 2024

ಮಾನ್ಯ ಗುರುಶಿದ್ದಪ್ಪನವರಿಗೆ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಧಾರವಾಡದ ಹನುಮಂತಪ್ಪ ಮಾಸ್ತರರು ನಿಮ್ಮ ವಿಳಾಸ ಕೊಟ್ಟರು. "ಮಿಲಿಟರಿ ಬ್ಯಾಂಡಿನ್ಯಾಗ ಇಪ್ಪತ್ತಾರು ವರ್ಷ ಯುಫೋನಿಯಂ ಊದಿದ ಮನಿಷ್ಯಾರ್ರೀ ಅವರು. ಈಗ ಮಿರಜದಾಗ ಅದಾರ. ಫೋನ್ ಮಾಡಬ್ಯಾಡ್ರಿ, ಎತ್ತೂದಿಲ್ಲ. ಕಾಗದ ಬರೀರಿ, ಬೈಕೋತ ಆದ್ರೂ ಉತ್ತರ ಬರೀತಾರ" ಎಂದರು. ಬೈಗುಳಕ್ಕೆ ಸಿದ್ಧಳಾಗಿಯೇ ಬರೆಯುತ್ತಿದ್ದೇನೆ.

ಮುಚ್ಚಿಹೋದ ಒಂದು ಬ್ಯಾಂಡ್ ಕಂಪನಿಯವರು ನಮ್ಮ ಶಾಲೆಗೆ ಹಳೆಯ ಹಿತ್ತಾಳೆ ವಾದ್ಯಗಳನ್ನು ದಾನ ಕೊಟ್ಟಿದ್ದಾರೆ. ಅದರಲ್ಲಿ ಮೂರು ಯುಫೋನಿಯಂ. ಮಡಿಲಲ್ಲಿ ಕೂಸಿನ ಹಾಗೆ ಕೂಡಿಸಿಕೊಂಡು ಊದುವ ಆ ವಾದ್ಯವನ್ನು ನಾನು ನೋಡಿದ್ದು ಅದೇ ಮೊದಲು. ಹೆಡ್‌ಮಾಸ್ತರರಾದ ಶ್ರೀರಂಗ ಸರ್ ನನ್ನ ಕಡೆ ತಿರುಗಿ, "ಗಾಳಿ ಒತ್ತಡದ ಪಾಠ ನೀವ ಮಾಡ್ತೀರಲ್ರಿ ಮೇಡಂ, ಊದೂದೂ ನೀವ ನೋಡ್ಕೋರಿ" ಎಂದರು. ಹಾಗೆ ನಾನು ಬ್ಯಾಂಡಿನ ಉಸ್ತುವಾರಿಯಾದೆ. ಹನುಮಂತಪ್ಪನವರು ಪ್ರತಿ ಶನಿವಾರ ಬಂದು ಸ್ವರ ಕಲಿಸುತ್ತಾರೆ. ಆದರೆ ಅವರು ಕ್ಲಾರಿನೆಟ್ಟಿನವರು, ಹಿತ್ತಾಳೆಯ ಸಂಗತಿ ನನಗೆ ಗೊತ್ತಿಲ್ಲ ಎಂದು ಮೊದಲೇ ಕೈಮುಗಿದಿದ್ದಾರೆ.

ಮೂರು ವಾದ್ಯಕ್ಕೆ ಇರುವುದು ಎರಡೇ ಮೌತ್‌ಪೀಸ್, ಅಂದರೆ ತುಟಿಗಿಟ್ಟು ಊದುವ ಬಟ್ಟಲಿನಂಥ ತುದಿ. ಮೂರನೆಯದನ್ನು ಕೊಳ್ಳಬೇಕು. ಹುಡುಕಿದರೆ ಹತ್ತಾರು ನಂಬರು, ಹತ್ತಾರು ಅಳತೆ. ಹೊಸದಾಗಿ ಕಲಿಯುವ ಹದಿಮೂರು ವರ್ಷದ ಮಕ್ಕಳಿಗೆ ಯಾವುದು ಸರಿ? ದಪ್ಪ ತುಟಿಯವರಿಗೆ ದೊಡ್ಡದು, ತೆಳು ತುಟಿಯವರಿಗೆ ಸಣ್ಣದು ಎನ್ನುತ್ತಾರಲ್ಲ, ಅದು ನಿಜವೇ? ಬಟ್ಟಲು ಆಳವಾದರೆ ದನಿಯೂ ಆಳವಾಗುವುದೇ? ನಾನು ಅಡುಗೆಮನೆಯ ಎಣ್ಣೆ ಹೊಯ್ಯುವ ಲಾಳಿಕೆಯನ್ನು ಬಾಯಿಗಿಟ್ಟು ಊದಿ ನೋಡಿದೆ. ಎಮ್ಮೆ ಕೂಗಿದಂತಾಯಿತು. ನನಗಂತೂ ಬಹಳ ಸಂತೋಷವಾಯಿತು.

ನಿಮ್ಮ
ಸಂಘಮಿತ್ರಾ

ಮಿರಜ
2 ಜುಲೈ 2024

ಸಂಘಮಿತ್ರಾ ಅಕ್ಕೋರಿಗೆ ಶರಣು.

ಲಾಳಿಕೆ ಊದಿದ್ದು ಛಲೋ ಆಯಿತು. ಅದು ಊದಲು ಬಂದರೆ ಯುಫೋನಿಯಂ ಊದಲೂ ಬರುತ್ತದೆ. ಗಾಳಿ ಸದ್ದು ಮಾಡುವುದಿಲ್ಲ, ತುಟಿ ನಡುಗಿ ಸದ್ದು ಮಾಡುತ್ತದೆ. ವಾದ್ಯ ಅದನ್ನು ದೊಡ್ಡದು ಮಾಡುತ್ತದೆ, ಅಷ್ಟೆ.

ತುಟಿ ದಪ್ಪ, ತುಟಿ ತೆಳು ಎನ್ನುವುದೆಲ್ಲ ಅಂಗಡಿಯವರ ಮಾತು. ಕಲಿಯುವ ಮಕ್ಕಳಿಗೆ ನಡುವಿನ ಅಳತೆ ಕೊಡಿ. ಬಟ್ಟಲಿನ ಬಾಯಿ ಒಳಗಿನಿಂದ ಇಪ್ಪತ್ತೈದು ಮಿಲಿಮೀಟರಿನ ಆಸುಪಾಸು ಇರಲಿ. ಅಂಚು ದುಂಡಗಿರಲಿ, ಚೂಪು ಅಂಚು ಎಳೆಯ ತುಟಿಯನ್ನು ಕೊರೆಯುತ್ತದೆ. ದೊಡ್ಡದು ಕೊಂಡರೆ ದೊಡ್ಡ ದನಿ ಬರುತ್ತದೆ ಎಂದು ಆಸೆಪಡಬೇಡಿ. ಅಪ್ಪನ ಚಪ್ಪಲಿ ಹಾಕಿಕೊಂಡ ಮಗು ಎಡವುತ್ತದೆಯೇ ಹೊರತು ಬೇಗ ಬೆಳೆಯುವುದಿಲ್ಲ.

ಇನ್ನು ಮುಖ್ಯ ಮಾತು. ಮೌತ್‌ಪೀಸಿನ ಬಾಲ, ಅಂದರೆ ವಾದ್ಯದೊಳಗೆ ಸೇರುವ ಕೊಳವೆ, ಮೂರು ದಪ್ಪಗಳಲ್ಲಿ ಬರುತ್ತದೆ. ನಿಮ್ಮ ಹಳೆಯ ವಾದ್ಯಕ್ಕೆ ಬಹುಶಃ ಎಲ್ಲಕ್ಕಿಂತ ತೆಳುವಾದದ್ದು ಬೇಕು. ಕೊಳ್ಳುವ ಮೊದಲು ವಾದ್ಯದ ತೂತಿನ ಒಳಗಿನ ಅಳತೆ ತೆಗೆಯಿರಿ. ಬಾಲ ಒಂದು ಇಂಚಿನಷ್ಟು ಒಳಗೆ ಹೋಗಿ ಗಟ್ಟಿಯಾಗಿ ಕೂರಬೇಕು, ಅಲುಗಾಡಬಾರದು. ಸೇರದಿದ್ದರೆ ವಾಪಸು ಕಳಿಸಿ. ದಾರ ಸುತ್ತುವುದು, ಅರ ಹಾಕಿ ಉಜ್ಜುವುದು, ಲೇತಿಗೆ ಕೊಡುವುದು ಇವೆಲ್ಲ ಮದುವೆ ಬ್ಯಾಂಡಿನವರ ರೂಢಿ. ನೀವು ಮಾಡಬೇಡಿ.

ಯಾರು ಊದುತ್ತಾರೆ ಬರೆಯಿರಿ. ಮುಂದಿನ ಹಲ್ಲು, ಮೈಕಟ್ಟು, ಎಲ್ಲ ಬರೆಯಿರಿ.

ಗುರುಶಿದ್ದಪ್ಪ

ಹುಬ್ಬಳ್ಳಿ
29 ಜುಲೈ 2024

ಮಾನ್ಯ ಗುರುಶಿದ್ದಪ್ಪನವರಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ನೀವು ಹೇಳಿದ ಇಪ್ಪತ್ತೈದರ ಅಳತೆ, ದುಂಡು ಅಂಚು ನೋಡಿಯೇ ಮೌತ್‌ಪೀಸ್ ತರಿಸಿದ್ದೇವೆ. ಬಾಲ ಸ್ವಲ್ಪ ದಪ್ಪವಿತ್ತು, ಈಗ ಸರಿಯಾಗಿ ಕೂತಿದೆ.

ಊದುವವರು ಮೂವರು, ಎಲ್ಲರೂ ಎಂಟನೆಯ ವರ್ಗದವರು. ಹುಲಗೇಶ ಎತ್ತರದ ಹುಡುಗ, ಮುಂದಿನ ಹಲ್ಲು ತುಸು ಓರೆ. ಚಿನ್ಮಯೀ ಹಾಡುವ ಹುಡುಗಿ. ಇಬ್ಬರಿಗೂ ಹಳೆಯ ಮೌತ್‌ಪೀಸ್ ಕೊಟ್ಟಿದ್ದೇನೆ. ಹೊಸದು ಭಾಗ್ಯಶ್ರೀಗೆ. ಕಾಳಿನ ವ್ಯಾಪಾರಿಯ ಮಗಳು, ಕಡ್ಡಿ ಪೈಲ್ವಾನ ಎಂದೇ ವರ್ಗದಲ್ಲಿ ಕರೆಯುತ್ತಾರೆ. ವಾದ್ಯಗಳ ಪೆಟ್ಟಿಗೆ ಬಿಚ್ಚಿದ ದಿನ ಉಳಿದವರೆಲ್ಲ ಕಹಳೆಗಳ ಕಡೆ ಓಡಿದರೆ ಇವಳು ಮಾತ್ರ ಯುಫೋನಿಯಂ ತಬ್ಬಿಕೊಂಡು, "ಟೀಚರ್, ಇದಕ್ಕ ಯಾರೂ ಇಲ್ಲಂದ್ರ ನಾ ಅದೀನ್ರಿ" ಎಂದಳು. ಜನವರಿ 26ರ ಪಥಸಂಚಲನದಲ್ಲಿ ಊದುವುದೇ ಅವಳ ಜಪವಾಗಿದೆ. ಆದರೆ ಅವಳದು ಮಾತ್ರ ದನಿ ಏಳುತ್ತಿಲ್ಲ. ಗಾಳಿ ಬುಸ್ಸೆಂದು ಹೋಗುತ್ತದೆ, ನಡುನಡುವೆ ಸ್ವರದ ಎಳೆ ಕೇಳುತ್ತದೆ. ನೀವೇ ಒಮ್ಮೆ ಬಂದು ಕೇಳಲು ಆಗುವುದೇ? ನಿಮ್ಮ ಮನೆಯವರ ಫೋನಿನ ನಂಬರು ಬರೆದರೆ ಊದಿದ್ದನ್ನು ರೆಕಾರ್ಡ್ ಮಾಡಿ ಕಳಿಸಬಲ್ಲೆ.

ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಆ ಎರಡು ಹಳೆಯ ಮೌತ್‌ಪೀಸುಗಳನ್ನು ದೀಪಕ್ಕೆ ಹಿಡಿದು ನೋಡಿದೆ. ಬಟ್ಟಲಿನ ತಳದಲ್ಲಿ ದಾರಿ ತೀರ ಸಣ್ಣದಾಗಿ, ಆಮೇಲೆ ಮತ್ತೆ ಅಗಲವಾಗುತ್ತದೆ. ಗಾಳಿಗೆ ದಾರಿ ಬೇಕಾದ ಜಾಗದಲ್ಲೇ ಅದೇಕೆ ಹಾಗೆ ಕತ್ತು ಹಿಸುಕಿದಂತೆ ಮಾಡಿದ್ದಾರೆ? ಅಗಲವಿದ್ದರೆ ಊದಲು ಸುಲಭವಲ್ಲವೇ?

ಸಂಘಮಿತ್ರಾ

ಮಿರಜ
5 ಆಗಸ್ಟ್ 2024

ಅಕ್ಕೋರಿಗೆ ಶರಣು.

ಬರಲಾಗದು. ನಂಬರು ನನ್ನ ಹೆಂಡತಿ ಚನ್ನಬಸವ್ವನದು, ಕೆಳಗೆ ಬರೆದಿದ್ದೇನೆ. ಕಳಿಸಿ.

ತಳದ ಸಣ್ಣ ತೂತಿನ ವಿಚಾರವನ್ನು ಮೌತ್‌ಪೀಸ್ ತಯಾರಿಸುವವರಿಗೆ ಬಿಡಿ. ಊದುವವರಿಗೆ ಅದು ಬೇಡದ ಉಸಾಬರಿ.

ಗುರುಶಿದ್ದಪ್ಪ

ಮಿರಜ
14 ಆಗಸ್ಟ್ 2024

ಸಂಘಮಿತ್ರಾ ಅಕ್ಕೋರಿಗೆ ಶರಣು.

ನೀವು ಕಳಿಸಿದ್ದನ್ನು ಕೇಳಿದೆ. ಹುಲಗೇಶ, ಚಿನ್ಮಯೀ ಇಬ್ಬರೂ ದಾರಿಗೆ ಬರುತ್ತಾರೆ. ಮೂರನೆಯ ಹುಡುಗಿಯ ವಿಷಯ ನೇರವಾಗಿ ಬರೆಯುತ್ತೇನೆ. ಗಾಳಿ ಬಹಳ, ದನಿ ಕಡಿಮೆ. ಐದು ಸೆಕೆಂಡೂ ನಿಲ್ಲುವುದಿಲ್ಲ. ಮೈಕಟ್ಟು ನೀವೇ ಬರೆದಿದ್ದೀರಿ. ಅವಳ ಉಸಿರು ಈ ವಾದ್ಯಕ್ಕೆ ಸಾಲದು.

ಮೌತ್‌ಪೀಸ್ ಬದಲಿಸಿದರೆ ಹೇಗೆ ಎಂದು ನೀವು ಕೇಳುತ್ತೀರಿ, ಗೊತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹೊಸ ಮೌತ್‌ಪೀಸ್, ಸರಿಯಾದ ಅಳತೆ, ಸರಿಯಾಗಿ ಕೂತಿದೆ ಎಂದು ನೀವೇ ಬರೆದ ಮೇಲೆ ಅದರ ತಪ್ಪೇನು? ಮಗುವಿಗೆ ಆಸೆ ತೋರಿಸಿ ವರ್ಷ ಕಳೆಯುವುದಕ್ಕಿಂತ ಈಗಲೇ ತಾಳ ಕೊಡಿ. ತಾಳವೂ ಬ್ಯಾಂಡಿಗೆ ಬೇಕಾದದ್ದೇ.

ಗುರುಶಿದ್ದಪ್ಪ

ಹುಬ್ಬಳ್ಳಿ
23 ಆಗಸ್ಟ್ 2024

ಮಾನ್ಯರೇ,

ನೀವು ಹೇಳಿದಂತೆ ಮಾಡಿದ್ದೇನೆ. ನನ್ನ ಬಾಯಿಂದ ಹೇಳಲು ಮಾತು ಬರಲಿಲ್ಲ. ಹೀಗಾಗಿ ಮೂವರನ್ನೂ ಕೂಡಿಸಿಕೊಂಡು ನಿಮ್ಮ ಕಾಗದವನ್ನೇ ಓದಿದೆ. ಭಾಗ್ಯಶ್ರೀ ಅಳಲಿಲ್ಲ. ವಾದ್ಯವನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, "ತಾಳ ಎಲ್ಲಿ ಅದಾವ್ರಿ?" ಎಂದು ಕೇಳಿದಳು.

ಬೇರೆ ಪ್ರಶ್ನೆಗಳೇನೂ ಇಲ್ಲ.

ಸಂಘಮಿತ್ರಾ

ಮಿರಜ
10 ಅಕ್ಟೋಬರ್ 2024

ಅಕ್ಕೋರಿಗೆ ಶರಣು.

ಒಂದೂವರೆ ತಿಂಗಳಾಯಿತು, ನಿಮ್ಮಿಂದ ಒಂದು ಪ್ರಶ್ನೆಯೂ ಇಲ್ಲ. ಮೈಯಲ್ಲಿ ಹುಷಾರಿದ್ದೀರಿ ತಾನೇ? ಅಂಚೆಯವನು ಗೇಟಿನ ಮುಂದೆ ಹಾದುಹೋದಾಗೊಮ್ಮೆ ಚನ್ನಬಸವ್ವ ನನ್ನ ಮುಖ ನೋಡಿ ನಗುತ್ತಾಳೆ. ಮಕ್ಕಳು ಎಲ್ಲಿಯವರೆಗೆ ಬಂದರು, ಬರೆಯಿರಿ.

ಗುರುಶಿದ್ದಪ್ಪ

ಹುಬ್ಬಳ್ಳಿ
2 ಡಿಸೆಂಬರ್ 2024

ಮಾನ್ಯ ಗುರುಶಿದ್ದಪ್ಪನವರಿಗೆ,

ನಿಮ್ಮ ಕಾರ್ಡಿಗೆ ಉತ್ತರಿಸಲಿಲ್ಲ. ಸಿಟ್ಟಿತ್ತು. ನಿಮ್ಮ ಮೇಲೋ ನನ್ನ ಮೇಲೋ ತಿಳಿಯದೆ ಸುಮ್ಮನಿದ್ದೆ. ಈಗ ತಿಳಿದಿದೆ. ಮೊದಲು ನನ್ನ ತಪ್ಪು ಬರೆಯುತ್ತೇನೆ.

ಹೊಸ ಮೌತ್‌ಪೀಸ್ ನಮ್ಮ ವಾದ್ಯಕ್ಕೆ ಸೇರಲೇ ಇಲ್ಲ. ತೂತಿನ ಒಳಗಿನ ಅಳತೆ ತೆಗೆಯಿರಿ ಎಂದು ನೀವು ಬರೆದಿದ್ದಿರಿ. ನಾನು ಅವಸರದಲ್ಲಿ ಕೊಳವೆಯ ಹೊರಗಿನ ಅಳತೆ ತೆಗೆದೆ. ವಿಜ್ಞಾನದ ಟೀಚರ್! ವಾಪಸು ಕಳಿಸಿದರೆ ಶ್ರೀರಂಗ ಸರ್ ಕಾರಣ ಕೇಳುತ್ತಾರೆ ಎಂಬ ನಾಚಿಕೆಗೆ ತಾರಿಹಾಳದಲ್ಲಿರುವ ನನ್ನ ತಮ್ಮನ ಹತ್ತಿರ ಒಯ್ದೆ. ಶಶಿಕುಮಾರ ಅಲ್ಲಿ ಲೇತ್ ಇಟ್ಟುಕೊಂಡು ಪಂಪಿನ ಭಾಗಗಳನ್ನು ಮಾಡುತ್ತಾನೆ. ನೀವು ಬೇಡವೆಂದ ಕೆಲಸವನ್ನೇ ಮಾಡಿಸಿ, ನಿಮಗೆ "ಸರಿಯಾಗಿ ಕೂತಿದೆ" ಎಂದಷ್ಟೇ ಬರೆದೆ.

ಕಳೆದ ಶನಿವಾರ ಮಕ್ಕಳು ಮೌತ್‌ಪೀಸುಗಳನ್ನು ಬಿಸಿನೀರಿನಲ್ಲಿ ತೊಳೆಯುತ್ತಿದ್ದರು. ತಾಳದವಳಾದರೂ ಭಾಗ್ಯಶ್ರೀ ಆ ಕೆಲಸಕ್ಕೆ ತಪ್ಪದೆ ಬರುತ್ತಾಳೆ. ಒಳಗಿನ ಕೊಳೆ ತೆಗೆಯಲು ಪೆನ್ಸಿಲಿಗೆ ಬಟ್ಟೆ ಸುತ್ತುವ ಮೊದಲು ಬರೀ ಪೆನ್ಸಿಲ್ ತೂರಿಸಿ ನೋಡಿದ್ದಾಳೆ. ನನ್ನ ಹತ್ತಿರ ಓಡಿ ಬಂದಳು. "ಟೀಚರ್, ಇವೆರಡರಾಗ ಪೆನ್ಸಿಲ್ ಸಿಕ್ಕೋತೈತಿ. ನಂದಷ್ಟ ಪೆನ್ಸಿಲ್ ನುಂಗತೈತಿ ನೋಡ್ರಿ!"

ಹೊಸದನ್ನು ನಾನು ಒಮ್ಮೆಯೂ ದೀಪಕ್ಕೆ ಹಿಡಿದಿರಲಿಲ್ಲ. ಅದೇ ದಿನ ಸ್ಕೂಟರ್ ತೆಗೆದುಕೊಂಡು ತಾರಿಹಾಳಕ್ಕೆ ಹೋದೆ. ತಮ್ಮ ಹೆಮ್ಮೆಯಿಂದಲೇ ಹೇಳಿದ: "ಅಕ್ಕಾ, ಹೊರಗಿಂದು ನೀ ಹೇಳಿದಷ್ಟ ತಗದೆ. ಒಳಗ ನೋಡಿದ್ರ ನಡುವ ಸಣ್ಣ ಆಗಿತ್ತು. ಎರಕದಾಗ ಉಳಕೊಂಡದ್ದು ಅಂತ ತಿಳದು ಒಂಬತ್ತು ಎಂಎಂ ಬೋರ್ ಹೊಡದು ಸರಾಗ ಮಾಡಿಕೊಟ್ಟೆ. ಪಂಪಿನಾಗ ಹಂಗ ಬಿಟ್ರ ಗಿರಾಕಿ ಬೈತಾರ. ಹುಡುಗರು ಊದೂ ಸಾಮಾನು, ಗಾಳಿ ಛಲೋ ಹೋಗಲಿ ಅಂತ." ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಬೈಯಲೂ ಆಗಲಿಲ್ಲ. ಪ್ರೀತಿಯಿಂದ ಮಾಡಿದ್ದಾನೆ, ಅದಕ್ಕೆ ಒಂದು ಪೈಸೆ ಹೆಚ್ಚೂ ಕೇಳಿಲ್ಲ.

ಇವತ್ತು ಆ ಮೌತ್‌ಪೀಸಿನಿಂದ ಎಲ್ಲರೂ ಊದಿ ನೋಡಿದೆವು. ನಾನು ಒಂದು ಎಣಿಸುವುದರಲ್ಲಿ ಖಾಲಿಯಾದೆ. ತನ್ನ ಮೌತ್‌ಪೀಸಿನಲ್ಲಿ ಹತ್ತು ಸೆಕೆಂಡು ಊದುವ ಹುಲಗೇಶ ಎರಡಕ್ಕೇ ನಿಂತ. ಚಿನ್ಮಯೀಗೆ ದನಿಯೇ ಏಳಲಿಲ್ಲ. ಭಾಗ್ಯಶ್ರೀಯನ್ನು ಊದು ಎನ್ನುವ ಧೈರ್ಯ ನನಗೆ ಬರಲಿಲ್ಲ. ಆಗಸ್ಟಿನಲ್ಲಿ ಅವಳು ಇದರಲ್ಲೇ ನಾಲ್ಕು ಸೆಕೆಂಡು ಹಿಡಿದಿದ್ದಳು.

ಆ ಸಣ್ಣ ತೂತು ಯಾಕೆ ಎಂದು ನಾನು ಕೇಳಿದ್ದೆ. ನೀವು ಹೇಳಲಿಲ್ಲ. ಇನ್ನೊಂದನ್ನೂ ಕೇಳಬೇಕಾಗಿದೆ. ನಾವು ಕಳಿಸಿದ್ದನ್ನು ಇಪ್ಪತ್ತಾರು ವರ್ಷ ಊದಿದ ನೀವು ಕೇಳಿದಿರಿ. ವಾದ್ಯದ ತಪ್ಪೋ ಉಸಿರಿನ ತಪ್ಪೋ ಎಂಬುದು ನಿಮ್ಮ ಕಿವಿಗೂ ತಿಳಿಯಲಿಲ್ಲವೇ?

ಸಂಘಮಿತ್ರಾ

ಮಿರಜ
9 ಡಿಸೆಂಬರ್ 2024

ಸಂಘಮಿತ್ರಾ ಅಕ್ಕೋರಿಗೆ ಶರಣು.

ತಿಳಿಯಲಿಲ್ಲ, ಯಾಕೆಂದರೆ ಕೇಳಲಿಲ್ಲ. ನನಗೆ ಕಿವಿ ಕೇಳುವುದಿಲ್ಲ. ನಾಲ್ಕು ವರ್ಷವಾಯಿತು. ಡ್ರಮ್ಮಿನ ಸಾಲಿನ ಮುಂದೆ ಕೂತು ಕೂತು ಮೊದಲು ಎಡಗಿವಿ ಹೋಯಿತು, ಆಮೇಲೆ ಬಲಗಿವಿ. ಮೆಷಿನ್ ಹಾಕಿ ನೋಡಿದೆ, ಮಾತು ತುಸು ತಿಳಿಯುತ್ತದೆ, ಸ್ವರ ತಿಳಿಯುವುದಿಲ್ಲ. ಅದಕ್ಕೇ ಫೋನ್ ಎತ್ತುವುದಿಲ್ಲ. ನೀವು ಕರೆದಾಗ ಬರಲಾಗದು ಎಂದದ್ದೂ ಅದಕ್ಕೇ. ಕಿವುಡ ಬ್ಯಾಂಡ್‌ಮನ್ ಎಂದು ಯಾರೂ ಹೇಳಬಾರದಿತ್ತು.

ರೆಕಾರ್ಡ್ ಬಂದಾಗ ಚನ್ನಬಸವ್ವ ಫೋನ್ ಕಿವಿಗಿಟ್ಟುಕೊಂಡು ಕೇಳಿದಳು. ನಾನು ಅವಳ ಬಾಯಿ ನೋಡುತ್ತ ಕೂತಿದ್ದೆ. "ಇಬ್ಬರದು ಛಲೋ ಐತಿ. ಒಬ್ಬಾಕೀದು ಬರೇ ಗಾಳಿ, ನಾಕ ಎಣಸೂದ್ರಾಗ ಮುಗೀತು" ಎಂದಳು. ಅಷ್ಟರ ಮೇಲೆ ಒಂದು ಮಗುವಿನ ಹಣೆಬರಹ ಬರೆದುಬಿಟ್ಟೆ. ಗಾದೆಯನ್ನೂ ಸೇರಿಸಿದೆ. ನೆಲ ನಿಜವಾಗಿಯೂ ಡೊಂಕಾಗಿತ್ತು.

ನಿಮ್ಮ ತೂತಿನ ಪ್ರಶ್ನೆಗೆ ಅಂದೇ ನಾಲ್ಕು ಸಾಲು ಬರೆದಿದ್ದರೆ ನೀವು ಅಂದೇ ಹೊಸದನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದಿರಿ. ಈಗ ಬರೆಯುತ್ತೇನೆ. ಆ ಸಣ್ಣ ದಾರಿ ಗಾಳಿಯನ್ನು ತಡೆಯಲಿಕ್ಕೇ ಇದೆ. ತುಟಿಗೆ ಆನಿಕೊಳ್ಳಲು ಒಂದಿಷ್ಟು ತಡೆ ಬೇಕು. ತಡೆ ಇಲ್ಲದಿದ್ದರೆ ಎದೆಯ ಗಾಳಿಯೆಲ್ಲ ಒಮ್ಮೆಲೇ ಸೋರಿಹೋಗುತ್ತದೆ, ತುಟಿ ನಡುಗುವುದಿಲ್ಲ. ಒಂಬತ್ತು ಎಂಎಂ ತೂತಿನಲ್ಲಿ ನಾನಾದರೂ ನನ್ನ ಒಳ್ಳೆಯ ಕಾಲದಲ್ಲಿ ಆರು ಸೆಕೆಂಡು ಹಿಡಿಯುತ್ತಿದ್ದೆನೋ ಇಲ್ಲವೋ. ಆ ಹುಡುಗಿ ನಾಲ್ಕು ಹಿಡಿದಿದ್ದಾಳೆ. ನಿಮ್ಮ ಮೂವರಲ್ಲಿ ಎಲ್ಲಕ್ಕಿಂತ ಗಟ್ಟಿ ಉಸಿರು ಅವಳದೇ. ಅವಳನ್ನೇ ನಾನು ತೆಗೆಸಿದೆ.

ಇದರ ಜೊತೆ ಒಂದು ಮೌತ್‌ಪೀಸ್ ಕಳಿಸಿದ್ದೇನೆ. ತೆಳು ಬಾಲದ್ದು, ನಡುವಿನ ಅಳತೆ. ಪೆನ್ಸಿಲ್ ತೂರಿಸಿ ನೋಡಿಯೇ ಕಟ್ಟಿದ್ದೇನೆ, ಸಿಕ್ಕಿಕೊಂಡಿತು. ಅವಳಿಗೆ ಕೊಡಿ. ನನ್ನ ಕಿವಿಯ ವಿಷಯವನ್ನೂ ಹೇಳಿ.

ಗುರುಶಿದ್ದಪ್ಪ

ಹುಬ್ಬಳ್ಳಿ
18 ಡಿಸೆಂಬರ್ 2024

ಮಾನ್ಯ ಗುರುಶಿದ್ದಪ್ಪನವರಿಗೆ,

ಮೌತ್‌ಪೀಸ್ ತಲುಪಿತು. ವಾದ್ಯದಲ್ಲಿ ಸರಿಯಾಗಿ ಒಂದು ಇಂಚು ಹೋಗಿ ಕೂತಿದೆ. ಈ ಸಲ ನಿಜವಾಗಿ ಕೂತಿದೆ.

ನಿಮ್ಮ ಕಿವಿಯ ಸಂಗತಿ ಓದಿ ನನಗೆ ಸಿಟ್ಟು ಬರಬೇಕಿತ್ತು, ಅಳು ಬಂತು. ನೀವು ಕಿವಿ ಮುಚ್ಚಿಟ್ಟಿರಿ, ನಾನು ಲೇತ್ ಮುಚ್ಚಿಟ್ಟೆ. ಇಬ್ಬರ ಮರ್ಯಾದೆಯೂ ಉಳಿಯಿತು, ಹೋದದ್ದು ಅವಳ ನಾಲ್ಕು ತಿಂಗಳು.

ಬ್ಯಾಂಡಿನ ಎಲ್ಲ ಮಕ್ಕಳ ಮುಂದೆ ನಿಂತು ನಡೆದದ್ದನ್ನು ಹೇಳಿ ಭಾಗ್ಯಶ್ರೀಯ ಕ್ಷಮೆ ಕೇಳಿದೆ. ಶ್ರೀರಂಗ ಸರ್ ಕೂಡ ಅಲ್ಲಿದ್ದರು. ಅವರು ಏನೂ ಅನ್ನಲಿಲ್ಲ. ಜುಲೈಯಲ್ಲೇ ಹೇಳಿದ್ದರೂ ಇಷ್ಟೇ ಆಗುತ್ತಿತ್ತು. ಆಮೇಲೆ ನಿಮ್ಮ ಮೌತ್‌ಪೀಸನ್ನು ಅವಳ ಕೈಗೆ ಕೊಟ್ಟು, ಊದು ಎಂದೆ.

ಅವಳು ಊದಲಿಲ್ಲ. ಹೊರಳಿಸಿ ನೋಡಿದಳು, ಪೆನ್ಸಿಲ್ ತೂರಿಸಿ ನೋಡಿದಳು, ಮೇಜಿನ ಮೇಲೆ ಇಟ್ಟಳು. "ಟೀಚರ್, ನನ್ನ ತಗದದ್ದು ಕಾಗದ ಓದಿ, ಎಲ್ಲಾರ ಮುಂದ. ಈಗ ಬರೇ ಬಾಯಿಲೆ ಬಾ ಅಂದ್ರ ಹೆಂಗ್ರಿ? ಆ ಅಜ್ಜಾರು ಕಾಗದದಾಗ ಬರೀಲಿ. ನನ್ನ ಹೆಸರಿಗೆ ಬರೀಲಿ. ನಾಳೆ ಮತ್ಯಾರರ ನಿನ್ನ ಉಸುರು ಸಾಲೂದಿಲ್ಲ ಅಂದ್ರ ನಾ ಏನ್ ತೋರಸ್ಲಿ?"

ಪಥಸಂಚಲನಕ್ಕೆ ಐದೂವರೆ ವಾರ ಉಳಿದಿದೆ. ಮೌತ್‌ಪೀಸ್ ಇನ್ನೂ ಮೇಜಿನ ಮೇಲೆಯೇ ಇದೆ.

ಸಂಘಮಿತ್ರಾ

ಮಿರಜ
24 ಡಿಸೆಂಬರ್ 2024

ಕುಮಾರಿ ಭಾಗ್ಯಶ್ರೀಗೆ, ಮಿರಜದ ಗುರುಶಿದ್ದಪ್ಪನ ಶರಣು.

ಆಗಸ್ಟ್ 14ರಂದು ನಿನ್ನ ಉಸಿರು ಯುಫೋನಿಯಂಗೆ ಸಾಲದು ಎಂದು ನಾನು ಬರೆದೆ. ಅದು ತಪ್ಪು. ನಿನ್ನ ಉಸಿರನ್ನು ನಾನು ಕೇಳಿಯೇ ಇರಲಿಲ್ಲ. ಕೇಳದೆ ಕೇಳಿದೆ ಎಂದು ಬರೆದದ್ದು ಸುಳ್ಳು. ತಪ್ಪಿಗಿಂತ ಅದು ದೊಡ್ಡದು.

ಕುಣಿಯಲಾರದವಳು ಎಂದು ನಿನಗೆ ಗಾದೆ ಹೇಳಿದ್ದನ್ನು ವಾಪಸು ತೆಗೆದುಕೊಂಡಿದ್ದೇನೆ.

ಕೆಟ್ಟ ಮೌತ್‌ಪೀಸಿನಲ್ಲಿ ನಾಲ್ಕು ಸೆಕೆಂಡು ಸ್ವರ ಹಿಡಿದವಳು ನೀನು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಹಾಗೆ ಹಿಡಿದವರನ್ನು ನಾನು ನೋಡಿಲ್ಲ. ಇದನ್ನು ಯಾರು ಕೇಳಿದರೂ ತೋರಿಸು. ಕೆಳಗೆ ಸಹಿ ಮಾಡಿದ್ದೇನೆ, ಸಾಕ್ಷಿಗೆ ಚನ್ನಬಸವ್ವನ ಸಹಿಯೂ ಇದೆ.

ಈಗ ಊದು. ರೆಕಾರ್ಡ್ ಕಳಿಸಬೇಡ, ನನಗೆ ಉಪಯೋಗವಿಲ್ಲ. ಎಷ್ಟು ಸೆಕೆಂಡು ಬಂತು ಎಂದು ಬರೆ.

ಗುರುಶಿದ್ದಪ್ಪ
ಚನ್ನಬಸವ್ವ

ಹುಬ್ಬಳ್ಳಿ
4 ಜನವರಿ 2025

ಗುರುಶಿದ್ದಪ್ಪ ಅಜ್ಜಾರಿಗೆ ಭಾಗ್ಯಶ್ರೀ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಮುಟ್ಟಿತು. ಟೀಚರ್ ಎಲ್ಲಾರ ಮುಂದ ಓದಲಾ ಅಂದ್ರು. ಬ್ಯಾಡ್ರಿ, ನಾನ ಓದತೇನಿ ಅಂದೆ. ಎರಡ ಸಲ ಓದಿದೆ. ಗಾದಿ ವಾಪಸ್ ತಗೊಂಡದ್ದು ಓದುಮುಂದ ಹುಲಗೇಶ ನಕ್ಕ. ಅಂವಗ ನಗಬ್ಯಾಡ ಅಂದೆ.

ಆಮ್ಯಾಲ ಊದಿದೆ. ಮದಲ ಸಲ ದನಿ ಎಷ್ಟ ದೊಡ್ಡದ ಬಂತಂದ್ರ ನಾನ ಹೆದರಿ ಬಿಟ್ಟಬಿಟ್ಟೆ. ಎರಡನೇ ಸಲ ಹಿಡದೆ. ಎದಿಗೆ ವಾದ್ಯ ತಾಗಿತ್ತಲ್ರಿ, ಎದಿ ಒಳಗೆಲ್ಲಾ ಗುಂಯ್ ಅಂತು. ಚಿನ್ಮಯೀ ಕಿಡಕಿ ಗಾಜ ನಡಗಿತು ಅಂದಳು, ಖರೇನೋ ಸುಳ್ಳೋ ಗೊತ್ತಿಲ್ಲ.

ಎಷ್ಟು ಸೆಕೆಂಡು ಅಂತ ಕೇಳೀರಿ. ಅದರಾಗ ಜಗಳ ಐತಿ. ಟೀಚರ್ ಹದಿನೇಳು ಅಂತಾರ. ಹುಲಗೇಶ ಹದಿನಾಕ ಅಂತಾನ, ಅವಂದು ಈಗ ಹನ್ನೆರಡಕ್ಕ ಮುಗೀತೈತಿ, ಅದಕ್ಕ. ನನಗ ಎಣಸಾಕ ಆಗೂದಿಲ್ಲ, ನಾ ಊದಾಕತ್ತಿರ್ತೇನಿ. ಶ್ರೀರಂಗ ಸರ್ ಹದಿನೇಳರ ಮ್ಯಾಲ ಆಗಿತ್ತು ಅಂದ್ರು, ಆದ್ರ ಅವರ ಗಡಿಯಾರ ಯಾವಾಗಲೂ ಮುಂದ ಇರ್ತೈತಿ.

ಜನವರಿ 26ಕ್ಕ ನಮ್ಮ ಪರೇಡ್ ಐತಿ. ಮಿರಜದಿಂದ ಸೀದಾ ರೈಲ್ ಐತಂತ, ಟೀಚರ್ ನೋಡ್ಯಾರ. ಅಜ್ಜಿನೂ ಕರಕೊಂಡ ಬರ್ರಿ. ಈ ಜಗಳ ನೀವ ಬಂದು ಮುಗಸಬೇಕು. ಕಿವಿ ಕೇಳದಿದ್ರ ಏನಾತ್ರಿ ಅಜ್ಜಾರ, ಗಡಿಯಾರ ಕಾಣಸ್ತೈತಿ ಹೌದಲ್ರಿ?

ಭಾಗ್ಯಶ್ರೀ
ಯುಫೋನಿಯಂ, ಎಂಟನೆಯ ವರ್ಗ